ತಕ್ಕಡಿ ಹಿಡಿದ ಅಡ್ಮಿರಲ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಕುದುರೆಯನ್ನು ಓಡಿಸಲು ತಕ್ಕ ಬಯಲಿಲ್ಲ. ಗುಡ್ಡ ಮುಗಿದಲ್ಲಿ ಅಡಕೆಯ ತೋಟ, ತೋಟ ಮುಗಿದಲ್ಲಿ ಗದ್ದೆ, ಗದ್ದೆಯ ಆಚೆ ಮತ್ತೆ ಗುಡ್ಡ. ಒಂದು ಕಡೆ ತುಂಗೆ ಬಂಡೆಗಳ ನಡುವೆ ಹರಿದು ಹೋಗುತ್ತಾಳೆ; ಇನ್ನೊಂದು ಕಡೆ ಭದ್ರೆ ಹಿನ್ನೀರಾಗಿ ತುಂಬಿ ನಿಂತಿದ್ದಾಳೆ. ಮಳೆಗಾಲ ಬಂತೆಂದರೆ ಅಂಗಳದಲ್ಲಿ ನಡೆಯುವುದೇ ಕಷ್ಟ, ಇನ್ನು ಕುದುರೆಯ ಓಟದ ಮಾತೆಲ್ಲಿ? ಈ ಸೀಮೆಯವರಿಗೆ ರೇಸು ಎಂಬುದು ಬೆಂಗಳೂರು ಮೈಸೂರುಗಳ ಸಂಗತಿ. ಪೇಟೆಗೆ ಹೋದವನೊಬ್ಬ ಅಡಕೆ ಮಾರಿದ ಹಣವನ್ನೆಲ್ಲ ಕುದುರೆಯ ಬಾಲಕ್ಕೆ ಕಟ್ಟಿ ಬರಿಗೈಯಲ್ಲಿ ಬಂದನೆಂಬ ಗುಸುಗುಸು ಮಾತಿನಲ್ಲಿಯೇ ಅದರ ಪರಿಚಯ ಮುಗಿಯುತ್ತದೆ.

ಆದರೂ ಆ ಆಟದ ಒಳಗುಟ್ಟನ್ನು ತಿಳಿಯಲು ಮಲೆನಾಡಿನವರಿಗೆ ಹೊರಗಿನ ಗುರು ಬೇಕಾಗಿಲ್ಲ. ಮೋಟಾರು ರಸ್ತೆಗಳು ಬರುವುದಕ್ಕೆ ಮೊದಲು ಇಲ್ಲಿನ ಅಡಕೆ ಮೆಣಸುಗಳು ಘಟ್ಟವನ್ನಿಳಿದದ್ದೂ ಕರಾವಳಿಯ ಉಪ್ಪು ಘಟ್ಟವನ್ನೇರಿದ್ದೂ ಹೇರೆತ್ತುಗಳ ಬೆನ್ನಿನ ಮೇಲೆ. ಹೇರು ಕಟ್ಟುವ ಅನುಭವಿ ಎಲ್ಲ ಎತ್ತುಗಳಿಗೂ ಒಂದೇ ತೂಕದ ಗೋಣಿಯನ್ನು ಹೊರಿಸುವವನಲ್ಲ. ಬಲಿತ ಎತ್ತಿಗೆ ತುಂಬುಹೇರು. ಎಳೆಯದಕ್ಕೆ ಅದಕ್ಕಿಂತ ಕಡಿಮೆ. ಮುದಿಯಾದುದಕ್ಕೆ ಇನ್ನೂ ಕಡಿಮೆ. ಸಾಲು ಒಡೆಯದೆ ಎಲ್ಲವೂ ಒಟ್ಟಿಗೆ ಘಟ್ಟವನ್ನು ದಾಟಬೇಕಾದರೆ ಬಲವಿದ್ದವನಿಗೆ ಭಾರ ಹೆಚ್ಚಾಗಲೇಬೇಕು.

ಕುದುರೆಯ ಪಂದ್ಯಗಳಲ್ಲಿಯೂ ಇದೇ ನ್ಯಾಯ ನಡೆಯುತ್ತದೆ. ಎಲ್ಲ ಕುದುರೆಗಳನ್ನೂ ಒಂದೇ ತೂಕ ಹೊರಿಸಿ ಓಡಿಸಿದರೆ ಮೇಲ್ದರ್ಜೆಯ ಕುದುರೆಯೇ ಮತ್ತೆ ಮತ್ತೆ ಗೆಲ್ಲುತ್ತದೆ. ಉಳಿದವುಗಳ ಒಡೆಯರು ಪಂದ್ಯಕ್ಕೆ ಬರುವುದನ್ನೇ ಬಿಡುತ್ತಾರೆ. ಆದುದರಿಂದ ಬಲ್ಲವನೊಬ್ಬನು ಪ್ರತಿಯೊಂದು ಕುದುರೆಯ ವಯಸ್ಸನ್ನೂ ಹಿಂದಿನ ಓಟಗಳನ್ನೂ ತೂಗಿನೋಡಿ, ಬಲಶಾಲಿಗೆ ಹೆಚ್ಚು, ದುರ್ಬಲನಿಗೆ ಕಡಿಮೆ ಎಂದು ಭಾರವನ್ನು ಗೊತ್ತುಮಾಡುತ್ತಾನೆ. ಹೀಗೆ ಭಾರ ಹಂಚಿ ನಡೆಸುವ ಪಂದ್ಯಕ್ಕೆ ಹ್ಯಾಂಡಿಕ್ಯಾಪ್ ಎಂದು ಹೆಸರು, ಹಂಚುವವನು ಹ್ಯಾಂಡಿಕ್ಯಾಪರ್. ಎಲ್ಲ ಕುದುರೆಗಳೂ ಒಂದೇ ಗೆರೆಯಲ್ಲಿ ಗುರಿ ಮುಟ್ಟಬೇಕೆಂಬುದು ಅವನ ಕನಸು. ಆ ಕನಸು ಎಂದಿಗೂ ಪೂರ್ಣವಾಗಿ ನನಸಾಗುವುದಿಲ್ಲ. ಆದರೆ ಅದರ ಸಮೀಪಕ್ಕೆ ಹೋದಷ್ಟೂ ಅವನ ಕೀರ್ತಿ ಬೆಳೆಯುತ್ತದೆ.

ಈ ಉದ್ಯೋಗಕ್ಕೆ ಶಾಸ್ತ್ರದ ಘನತೆಯನ್ನೂ ನ್ಯಾಯಪೀಠದ ಗೌರವವನ್ನೂ ತಂದುಕೊಟ್ಟ ಮಹನೀಯ ಇಂಗ್ಲೆಂಡಿನ ಅಡ್ಮಿರಲ್ ಹೆನ್ರಿ ಜಾನ್ ರೌಸ್. 1877ನೆಯ ಇಸವಿ ಜೂನ್ 19ರಂದು ಲಂಡನ್ನಿನ ಬರ್ಕ್ಲಿ ಚೌಕದ ತನ್ನ ಮನೆಯಲ್ಲಿ ಆತ ಕಣ್ಣು ಮುಚ್ಚಿದಾಗ ಆತನಿಗೆ 82 ವರ್ಷ ತುಂಬಿತ್ತು. ಇಂದು ಜಗತ್ತಿನ ಯಾವ ರೇಸಿನ ಬಯಲಿನಲ್ಲಿ ಎಳೆಯ ಕುದುರೆಗೆ ವಯಸ್ಸಿನ ರಿಯಾಯಿತಿ ದೊರೆಯುತ್ತಿದ್ದರೂ ಅದರ ಹಿಂದೆ ಈ ಮುದುಕ ನಾವಿಕನ ಕೈ ಇದೆ.

ಟೋಪಿಯೊಳಗಿನ ಕೈ

ಹ್ಯಾಂಡಿಕ್ಯಾಪ್ ಎಂಬ ಶಬ್ದದ ಹುಟ್ಟು ಸ್ವಾರಸ್ಯವಾಗಿದೆ. ಮೊದಲಿಗೆ ಅದಕ್ಕೂ ಕುದುರೆಗೂ ಸಂಬಂಧವಿರಲಿಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ವಸ್ತುಗಳ ವಿನಿಮಯದ ಒಂದು ಆಟ. ಒಬ್ಬನಲ್ಲಿ ಒಳ್ಳೆಯ ಮೇಲಂಗಿಯಿದೆ, ಇನ್ನೊಬ್ಬನಲ್ಲಿ ಗಡಿಯಾರವಿದೆ ಎನ್ನೋಣ. ಬದಲಾಯಿಸಿಕೊಳ್ಳಲು ಇಬ್ಬರಿಗೂ ಮನಸ್ಸುಂಟು. ಬೆಲೆಯಲ್ಲಿ ಮಾತ್ರ ವ್ಯತ್ಯಾಸವಿದೆ. ಆಗ ಮೂರನೆಯವನೊಬ್ಬನನ್ನು ಮಧ್ಯಸ್ಥನನ್ನಾಗಿ ಕೂಡಿಸುತ್ತಾರೆ. ಮೂವರೂ ಒಂದು ಟೋಪಿಯೊಳಗೆ ಅಲ್ಪ ಹಣವನ್ನು ಹಾಕುತ್ತಾರೆ. ಇಂಥವನು ಇಂಥವನಿಗೆ ಇಷ್ಟು ಹಣವನ್ನು ಮೇಲೆ ಕೊಡತಕ್ಕದ್ದೆಂದು ಮಧ್ಯಸ್ಥನು ನುಡಿದ ಬಳಿಕ ವ್ಯವಹಾರಸ್ಥರಿಬ್ಬರೂ ಟೋಪಿಯೊಳಗೆ ಕೈಯಿಟ್ಟು ಹೊರಗೆ ತೆಗೆಯುತ್ತಾರೆ. ಕೈಯ ಸ್ಥಿತಿಯಿಂದ ಒಪ್ಪಿಗೆಯೋ ಅಲ್ಲವೋ ತಿಳಿಯುತ್ತದೆ. ಇಬ್ಬರೂ ಒಪ್ಪಿದರೆ, ಅಥವಾ ಇಬ್ಬರೂ ಒಪ್ಪದಿದ್ದರೆ, ಟೋಪಿಯೊಳಗಿನ ಹಣ ಮಧ್ಯಸ್ಥನದು. ಒಬ್ಬನೇ ಒಪ್ಪಿದರೆ ಆ ಹಣ ಒಪ್ಪಿದವನದು. ‘ಟೋಪಿಯೊಳಗೆ ಕೈ’ ಎಂಬುದೇ ಈ ಶಬ್ದದ ಮೂಲಾರ್ಥ. ಸ್ಯಾಮುಯೆಲ್ ಪೀಪ್ಸ್ ಎಂಬ ಪ್ರಸಿದ್ಧ ದಿನಚರಿಕಾರ 1660ರಲ್ಲಿ ಈ ಆಟವನ್ನು ಕಂಡು ತನಗೆ ಇದು ಹೊಸದೆಂದು ಬರೆದಿಟ್ಟಿದ್ದಾನೆ.

ನಮ್ಮ ದನಗಳ ಜಾತ್ರೆಗಳನ್ನು ಕಂಡವರಿಗೆ ಇದು ಅಪರಿಚಿತವೆನಿಸಲಾರದು. ಅಲ್ಲಿಯೂ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಬಾಯಿ ಆಡದೆ ಕೈಯೇ ಆಡುತ್ತದೆ. ಎರಡು ಕಡೆಯೂ ವ್ಯವಹಾರ ನಿಂತಿರುವುದು ಮಧ್ಯದಲ್ಲಿರುವವನ ಮೇಲಿನ ನಂಬಿಕೆಯ ಮೇಲೆ. ಎರಡು ವಸ್ತುಗಳ ಅಂತರವನ್ನು ಅಳೆಯುವ ಈ ವಿದ್ಯೆ ಮುಂದೆ ಎರಡು ಕುದುರೆಗಳ ಅಂತರವನ್ನು ಅಳೆಯುವುದಕ್ಕೆ ಬಂದಿತು. ಹೆಸರೂ ಅದರೊಡನೆ ಬಂದಿತು.

ಚುಕ್ಕಾಣಿಯಿಲ್ಲದ ಹಡಗು

ರೌಸ್ ಹುಟ್ಟಿದ್ದು 1795ರ ಜನವರಿ 23ರಂದು. ತಂದೆ ಮೊದಲನೆಯ ಸ್ಟ್ರಾಡ್‌ಬ್ರೋಕ್ ಪ್ರಭು. ಆ ದೇಶದ ಪದ್ಧತಿಯಂತೆ ಪದವಿಯೂ ಆಸ್ತಿಯೂ ಹಿರಿಯ ಮಗನ ಪಾಲು. ಎರಡನೆಯವನಾದ ಹೆನ್ರಿಗೆ ಉಳಿದದ್ದು ಕಡಲು. 1808ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಆತ ನೌಕಾಪಡೆಯನ್ನು ಸೇರಿದ; ನೆಪೋಲಿಯನ್ನನ ಯುದ್ಧಗಳ ಬಿಸಿಯನ್ನು ಬಾಲ್ಯದಲ್ಲಿಯೇ ಉಂಡ. ಮುಂದೆ ರೇನ್‌ಬೋ ಎಂಬ ಹಡಗಿನ ಅಧಿಪತಿಯಾಗಿ ಆಸ್ಟ್ರೇಲಿಯದ ಕಡಲಿಗೆ ಹೋದ. 1828ರಲ್ಲಿ ಆ ಖಂಡದ ಪೂರ್ವ ತೀರದ ನದಿಯೊಂದರ ಮುಖವನ್ನು ಶೋಧಿಸಿ ಅದಕ್ಕೆ ರಿಚ್‌ಮಂಡ್ ಎಂದು ಹೆಸರಿಟ್ಟ. ಆತನ ಹೆಸರನ್ನು ಹೊತ್ತ ಇನ್ನೊಂದು ನದಿ ಇಂದಿಗೂ ಅಲ್ಲಿ ಹರಿಯುತ್ತಿದೆ.

ಆತನ ಗಟ್ಟಿತನವನ್ನು ಲೋಕಕ್ಕೆ ತೋರಿಸಿದ್ದು 1835ರ ಒಂದು ಅವಘಡ. ಕೆನಡಾದಿಂದ ಇಂಗ್ಲೆಂಡಿಗೆ ಮರಳುತ್ತಿದ್ದ ಪೀಕ್ ಎಂಬ ಯುದ್ಧನೌಕೆ ಲ್ಯಾಬ್ರಡಾರ್ ತೀರದ ಬಂಡೆಗಳ ಮೇಲೆ ಏರಿ ಸಿಕ್ಕಿಕೊಂಡಿತು. ಗಂಟೆಗಟ್ಟಲೆ ಹೋರಾಡಿ ಅದನ್ನು ಬಿಡಿಸಿಕೊಂಡದ್ದಾಯಿತು; ಆದರೆ ತಳದ ದಿಮ್ಮಿ ಹೋಗಿತ್ತು, ಚುಕ್ಕಾಣಿ ಕೈಕೊಟ್ಟಿತು, ನೀರು ಸತತವಾಗಿ ಒಳನುಗ್ಗುತ್ತಿತ್ತು. ಅಂತಹ ಹಡಗನ್ನು ರೌಸ್ ಅಟ್ಲಾಂಟಿಕ್ ಮಹಾಸಾಗರದ ಮೇಲೆ ಸುಮಾರು 1500 ಮೈಲಿ ನಡೆಸಿ ಸ್ವದೇಶದ ರೇವಿಗೆ ತಂದು ಮುಟ್ಟಿಸಿದ. ಗಾಳಿ, ನೀರು, ಹಡಗಿನ ಭಾರ, ಜನರ ಬಲ ಇವನ್ನೆಲ್ಲ ಕ್ಷಣಕ್ಷಣಕ್ಕೂ ತೂಗಿನೋಡಿ ನಿರ್ಣಯಿಸುವ ಅಭ್ಯಾಸ ಆತನಿಗೆ ಬಂದದ್ದು ಇಂತಹ ಶಾಲೆಯಲ್ಲಿ. ಮರುವರ್ಷ ಮದುವೆಯಾಗಿ ಆತ ದಡದಲ್ಲಿ ನೆಲೆನಿಂತ. 1838ರಲ್ಲಿ ಇಂಗ್ಲೆಂಡಿನ ರೇಸುಗಳನ್ನು ಆಳುತ್ತಿದ್ದ ಜಾಕಿ ಕ್ಲಬ್ಬಿನ ಮೇಲ್ವಿಚಾರಕರಲ್ಲಿ ಒಬ್ಬನಾದ. 1841ರಿಂದ 1846ರವರೆಗೆ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಕುಳಿತ. ಅಡ್ಮಿರಲ್ ಪದವಿ 1863ರಲ್ಲಿ ಬಂತು. ಅಷ್ಟು ಹೊತ್ತಿಗೆ ಆತನ ಮನಸ್ಸು ಕಡಲನ್ನು ಬಿಟ್ಟು ಹುಲ್ಲಿನ ಬಯಲಿನಲ್ಲಿ ನಿಂತಿತ್ತು.

ವಯಸ್ಸಿಗೆ ತಕ್ಕ ಭಾರ

ಆ ಕಾಲದ ಇಂಗ್ಲೆಂಡಿನ ರೇಸಿನ ಬಯಲು ಮೋಸಗಾರರ ಸಂತೆಯಾಗಿತ್ತು. 1844ರ ಡರ್ಬಿಯ ಕಥೆಯೊಂದೇ ಸಾಕು. ಡರ್ಬಿ ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲಾದ ಪಂದ್ಯ. ಆ ವರ್ಷ ಮೊದಲು ಬಂದ ರನ್ನಿಂಗ್ ರೇನ್ ಎಂಬ ಕುದುರೆ ನಿಜವಾಗಿ ಮ್ಯಾಕಬೀಯಸ್ ಎಂಬ ನಾಲ್ಕು ವರ್ಷದ ಕುದುರೆ! ಹೆಸರು ಬದಲಾಯಿಸಿ, ವಯಸ್ಸು ಮುಚ್ಚಿ ಅದನ್ನು ಓಡಿಸಿದ್ದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಕುದುರೆಯನ್ನು ತಂದು ತೋರಿಸಿರೆಂದು ನ್ಯಾಯಾಧೀಶ ಆಲ್ಡರ್‌ಸನ್ ಅಪ್ಪಣೆ ಮಾಡಿದಾಗ ಕುದುರೆಯೇ ಮಾಯವಾಗಿತ್ತು. ಎರಡನೆಯದಾಗಿ ಬಂದ ಆರ್ಲೆಂಡೋಗೆ ಬಹುಮಾನ ಸಂದಿತು.

ಒಂದು ವರ್ಷದ ಅಂತರಕ್ಕಾಗಿ ಇಷ್ಟು ದೊಡ್ಡ ಮೋಸವೇಕೆ? ಎಳೆಯ ಕುದುರೆಯ ಬೆಳವಣಿಗೆ ಬಲು ತೀವ್ರವಾದುದು. ಮೂರು ವರ್ಷದ್ದಕ್ಕೂ ನಾಲ್ಕು ವರ್ಷದ್ದಕ್ಕೂ ಇರುವ ವ್ಯತ್ಯಾಸ, ಹೈಸ್ಕೂಲು ಹುಡುಗನಿಗೂ ಮೀಸೆ ಬಂದ ತರುಣನಿಗೂ ಇರುವಂತಹುದು. ಆದುದರಿಂದ ಎರಡು ವಯಸ್ಸಿನ ಕುದುರೆಗಳು ಕೂಡಿ ಓಡಬೇಕಾದರೆ ಹಿರಿಯದು ಹೆಚ್ಚು ಹೊರಬೇಕು. ಎಷ್ಟು ಹೆಚ್ಚು ಎಂಬುದೇ ಪ್ರಶ್ನೆ. ಅದಕ್ಕೆ ಹಿಂದೆ ಊರಿಗೊಂದು ಲೆಕ್ಕ, ಒಡೆಯನಿಗೊಂದು ಲೆಕ್ಕವಿತ್ತು. ವರ್ಷಗಟ್ಟಲೆ ಪಂದ್ಯಗಳನ್ನು ನೋಡಿ, ಗುರುತು ಹಾಕಿಕೊಂಡು, ತಾಳೆ ನೋಡಿ, ರೌಸ್ ಅದಕ್ಕೊಂದು ಪಟ್ಟಿಯನ್ನು ಸಿದ್ಧಪಡಿಸಿದ. 1850ರಲ್ಲಿ ಆತ ಪ್ರಕಟಿಸಿದ ಗ್ರಂಥ ರೇಸಿನ ಕಾನೂನಿಗೂ ಆಚಾರಕ್ಕೂ ಆಧಾರವಾಯಿತು.

ಆ ಪಟ್ಟಿಯ ಜಾಣ್ಮೆಯನ್ನು ಗಮನಿಸಬೇಕು. ಓಟದ ದೂರ ಹೆಚ್ಚಾದಂತೆ ಎಳೆಯ ಕುದುರೆಗೆ ದೊರೆಯುವ ರಿಯಾಯಿತಿ ಹೆಚ್ಚುತ್ತದೆ. ಏಕೆಂದರೆ ಬಲಿಯದ ಎಲುಬಿಗೆ ದೂರವೇ ಶತ್ರು. ವರ್ಷದ ತಿಂಗಳುಗಳು ಕಳೆದಂತೆ ರಿಯಾಯಿತಿ ಕಡಿಮೆಯಾಗುತ್ತದೆ. ಏಕೆಂದರೆ ಎಳೆಯದು ದಿನದಿನಕ್ಕೆ ಬಲಿಯುತ್ತಿದೆ. ವಸಂತದಲ್ಲಿ ನ್ಯಾಯವಾದ ಭಾರ ಶರತ್ತಿನಲ್ಲಿ ಅನ್ಯಾಯವಾಗುತ್ತದೆ. ನ್ಯಾಯದ ಅಳತೆಗೋಲು ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂಬ ಈ ತಿಳಿವನ್ನು ರೌಸ್ ಅಂಕಿಗಳಲ್ಲಿ ಬರೆದಿಟ್ಟ. ಮುಂದೆ ಬಂದವರು ಆ ಅಂಕಿಗಳನ್ನು ತಿದ್ದಿದ್ದಾರೆ, ತತ್ತ್ವವನ್ನು ಬದಲಾಯಿಸಿಲ್ಲ.

ಯಾರ್ಕಿನ ಬಯಲಿನಲ್ಲಿ

ಶಾಸ್ತ್ರಕ್ಕೆ ಪರೀಕ್ಷೆ ಬೇಡವೆ? ಅದು 1851ರ ಮೇ 13ರಂದು ಯಾರ್ಕ್ ನಗರದಲ್ಲಿ ನಡೆಯಿತು. ಎಗ್ಲಿಂಟನ್ ಪ್ರಭುವಿನ ಫ್ಲೈಯಿಂಗ್ ಡಚ್‌ಮನ್ 1849ರ ಡರ್ಬಿಯನ್ನು ಗೆದ್ದ ಕುದುರೆ. ಜೆಟ್‌ಲಂಡ್ ಪ್ರಭುವಿನ ವೋಲ್ಟಿಜೂರ್ 1850ರ ಡರ್ಬಿಯನ್ನು ಗೆದ್ದದ್ದು. ಅದೇ ವರ್ಷದ ಡಾನ್‌ಕಾಸ್ಟರ್ ಪಂದ್ಯದಲ್ಲಿ ಕಿರಿಯದು ಹಿರಿಯದನ್ನು ಸೋಲಿಸಿತು. ಫ್ಲೈಯಿಂಗ್ ಡಚ್‌ಮನ್ ತನ್ನ ಬಾಳಿನಲ್ಲಿ ಕಂಡ ಸೋಲು ಅದೊಂದೇ. ದೇಶವೆಲ್ಲ ಎರಡು ಪಕ್ಷವಾಯಿತು. ಕೊನೆಗೆ ಎರಡು ಕುದುರೆಗಳೂ ಒಂಟಿಯಾಗಿ ಎದುರೆದುರು ಓಡತಕ್ಕದ್ದು, ಪಣ ತಲೆಗೆ ಸಾವಿರ ಪೌಂಡು, ದೂರ ಎರಡು ಮೈಲಿ ಎಂದು ಗೊತ್ತಾಯಿತು. ಭಾರವನ್ನು ಗೊತ್ತುಮಾಡುವವರು ಯಾರು? ಇಬ್ಬರು ಒಡೆಯರೂ ಒಪ್ಪಿದ ಹೆಸರು ರೌಸನದು.

ಐದು ವರ್ಷದ ಫ್ಲೈಯಿಂಗ್ ಡಚ್‌ಮನ್ ನಾಲ್ಕು ವರ್ಷದ ವೋಲ್ಟಿಜೂರನಿಗಿಂತ ಎಂಟೂವರೆ ಪೌಂಡು ಹೆಚ್ಚು ಹೊರತಕ್ಕದ್ದೆಂದು ಆತ ತೀರ್ಪಿತ್ತ. ಎಂಟೂವರೆ ಪೌಂಡೆಂದರೆ ನಾಲ್ಕು ಕಿಲೋಗ್ರಾಮಿಗೂ ತುಸು ಕಡಿಮೆ, ಅಡಿಗೆಮನೆಯ ಒಂದು ಸಣ್ಣ ಅಕ್ಕಿ ಚೀಲದಷ್ಟು. ಆ ಅರ್ಧ ಪೌಂಡನ್ನು ಕಂಡು ಇಂದಿನವರು ನಕ್ಕಾರು. ಅಂದು ಯಾರೂ ನಗಲಿಲ್ಲ. ಲಕ್ಷಾವಧಿ ಜನ ನೆರೆದರೆಂದು ಹೇಳುತ್ತಾರೆ. ವೋಲ್ಟಿಜೂರ್ ಮುಂದೆ ನುಗ್ಗಿತು. ಫ್ಲೈಯಿಂಗ್ ಡಚ್‌ಮನ್ ಹಿಂದೆ ಕಾದು, ಕೊನೆಯಲ್ಲಿ ಸಮಕ್ಕೆ ಬಂದು, ಒಂದು ಕುದುರೆಯುದ್ದದ ಅಂತರದಲ್ಲಿ ಗೆದ್ದಿತು. ಎರಡು ಮೈಲಿಯ ಓಟದಲ್ಲಿ ಒಂದು ಕುದುರೆಯುದ್ದವೆಂದರೆ ಅದು ಸಮಬಲದ ಹೋರಾಟವೇ ಸರಿ. ಹಿರಿಯ ಕುದುರೆಗೆ ಗೆಲುವು ಸಂದಿತು, ಕಿರಿಯದಕ್ಕೆ ಮಾನ ಉಳಿಯಿತು. ನಿಜವಾಗಿ ಗೆದ್ದವನು ಭಾರ ಹಂಚಿದವನೆಂದು ಬಲ್ಲವರು ಅರಿತರು. 1855ರಲ್ಲಿ ರೌಸ್ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಆಗಿ ನಿಯುಕ್ತನಾದ.

ಅಶ್ವಹೃದಯ, ಅಕ್ಷಹೃದಯ

ಭಾರತದ ಕಥೆಗಳನ್ನು ಕೇಳಿ ಬೆಳೆದವರಿಗೆ ಇಲ್ಲಿ ನಳೋಪಾಖ್ಯಾನ ನೆನಪಾಗದಿರದು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳ ಬಾಹುಕನ ವೇಷದಲ್ಲಿ ಋತುಪರ್ಣ ರಾಜನ ಸಾರಥಿಯಾಗಿರುತ್ತಾನೆ. ನಳನಿಗೆ ಅಶ್ವಹೃದಯ ಗೊತ್ತು. ಕುದುರೆಯ ಒಳಗನ್ನು ಅರಿತ ವಿದ್ಯೆ ಅದು. ಋತುಪರ್ಣನಿಗೆ ಅಕ್ಷಹೃದಯ ಗೊತ್ತು. ದಾಳದ ಮತ್ತು ಎಣಿಕೆಯ ವಿದ್ಯೆ ಅದು. ಓಡುವ ರಥದಿಂದಲೇ ಆತ ತಾರೆಯ ಮರವೊಂದರ ಎಲೆ ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿರುತ್ತದೆ. ಇಬ್ಬರೂ ವಿದ್ಯೆಗಳನ್ನು ವಿನಿಮಯ ಮಾಡಿಕೊಂಡಾಗ ನಳನನ್ನು ಹಿಡಿದಿದ್ದ ಕಲಿ ಬಿಟ್ಟು ಹೋಗುತ್ತಾನೆ. ಕನಕದಾಸರ ನಳಚರಿತ್ರೆಯಿಂದ ಈ ಕಥೆ ಕನ್ನಡಿಗರ ಮನೆಮಾತಾಗಿದೆ.

ಒಳ್ಳೆಯ ಹ್ಯಾಂಡಿಕ್ಯಾಪರನಿಗೆ ಈ ಎರಡು ವಿದ್ಯೆಗಳೂ ಬೇಕು. ಬರಿಯ ಕುದುರೆಯ ಜ್ಞಾನವಿದ್ದರೆ ಅವನು ಒಳ್ಳೆಯ ಲಾಯದ ಯಜಮಾನನಾದಾನು. ಬರಿಯ ಲೆಕ್ಕ ಗೊತ್ತಿದ್ದರೆ ಗುಮಾಸ್ತನಾದಾನು. ರೌಸನಲ್ಲಿ ಎರಡೂ ಕೂಡಿದ್ದವು. ಇಂಗ್ಲೆಂಡಿನ ರೇಸುಗಳ ರಾಜಧಾನಿಯಾದ ನ್ಯೂಮಾರ್ಕೆಟ್ಟಿನ ಬಯಲಿನಲ್ಲಿ ಆತ ಗಣ್ಯರ ನಡುವೆ ಕುರ್ಚಿಯಲ್ಲಿ ಕುಳಿತವನಲ್ಲ. ನಾವಿಕರ ದಪ್ಪ ಉಣ್ಣೆಯ ಅಂಗಿ ತೊಟ್ಟು, ಉದ್ದನೆಯ ಕರಿಯ ಬೂಟು ಮೆಟ್ಟಿ, ಕೈಯಲ್ಲಿ ಚಾವಟಿ ಹಿಡಿದು, ತನ್ನ ಹಳೆಯ ಕುದುರೆಯೊಂದನ್ನೇರಿ, ಗುರಿಗೆ ಇನ್ನೂ ದೂರವಿರುವ ಕುರುಚಲ ಗಿಡಗಳ ಬಳಿ ಕಾದು ನಿಲ್ಲುತ್ತಿದ್ದ. ಜಾಕಿಗಳು ಕುದುರೆಯನ್ನು ನಿಜವಾಗಿ ಹುರಿದುಂಬಿಸಲು ತೊಡಗುವುದು ಅಲ್ಲಿ. ಯಾವ ಕುದುರೆಯಲ್ಲಿ ಇನ್ನೂ ಶಕ್ತಿಯುಳಿದಿದೆ, ಯಾವ ಜಾಕಿ ಬೇಕೆಂದೇ ಲಗಾಮು ಬಿಗಿಹಿಡಿದಿದ್ದಾನೆ ಎಂಬುದು ಆ ಜಾಗದಿಂದ ಕಾಣುವಷ್ಟು ಗುರಿಯ ಕಂಬದ ಬಳಿ ಕಾಣಲಾರದು. ಕಂಡದ್ದನ್ನೆಲ್ಲ ಆತ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮುಂದಿನ ಪಂದ್ಯದ ಭಾರದ ಪಟ್ಟಿ ಹುಟ್ಟುತ್ತಿದ್ದದ್ದು ಆ ಬರಹಗಳಿಂದ.

ತನಗೆ ಕಂಡ ಮೋಸವನ್ನು ಮೋಸವೆಂದು ಕರೆಯಲು ಆತ ಅಂಜಲಿಲ್ಲ. ಕುದುರೆಯ ಒಡೆಯ ಡ್ಯೂಕನಾಗಿರಲಿ, ನಿನ್ನೆ ಮೊನ್ನೆ ಹಣ ಕಂಡ ವ್ಯಾಪಾರಿಯಾಗಿರಲಿ, ಆತನ ತಕ್ಕಡಿ ಒಂದೇ. ತನ್ನ ತೀರ್ಪಿನ ಮೇಲೆ ಸಾವಿರಾರು ಜನರ ಹಣ ನಿಂತಿದೆ ಎಂದು ಆತ ಬಲ್ಲ. ದೊಡ್ಡ ಬಾಜಿಗಳನ್ನು ಆತ ಉದ್ದಕ್ಕೂ ವಿರೋಧಿಸಿದ. ರೇಸು ಇರುವುದು ಕುದುರೆಯ ತಳಿಯನ್ನು ಬೆಳೆಸುವುದಕ್ಕೆ. ಮನೆತನಗಳನ್ನು ಕೆಡಿಸುವುದಕ್ಕಲ್ಲ ಎಂಬುದು ಆತನ ಮತ.

ತಕ್ಕಡಿಯ ಒಳಗಿನ ಮುಳ್ಳು

ಆ ಕೆಡುಕನ್ನು ಆತ ತನ್ನ ಕಣ್ಣಮುಂದೆಯೇ ಕಂಡ. ಹೇಸ್ಟಿಂಗ್ಸ್ ಪ್ರಭುವೆಂಬ ಇಪ್ಪತ್ತರ ಹರಯದ ಸಿರಿವಂತ, ಹೆನ್ರಿ ಚಾಪ್ಲಿನ್ ಎಂಬಾತನಿಗೆ ಗೊತ್ತಾಗಿದ್ದ ಕನ್ಯೆಯನ್ನು 1864ರಲ್ಲಿ ಹಾರಿಸಿಕೊಂಡು ಹೋಗಿ ಮದುವೆಯಾದ. ಚಾಪ್ಲಿನ್ ಕೆಲವು ಕಾಲದ ಬಳಿಕ ಹರ್ಮಿಟ್ ಎಂಬ ಕುದುರೆಯನ್ನು ಕೊಂಡ. ಹಳೆಯ ದ್ವೇಷವೋ ಹುಂಬತನವೋ, ಹರ್ಮಿಟ್ ಸೋಲುವುದೆಂದು ಹೇಸ್ಟಿಂಗ್ಸ್ ಅಪಾರವಾಗಿ ಬಾಜಿ ಕಟ್ಟಿದ. 1867ರ ಡರ್ಬಿಯ ದಿನ ಹಿಮ ಬೀಳುವಂತಹ ಚಳಿ. ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಹರ್ಮಿಟ್ ಗೆದ್ದಿತು. ಹೇಸ್ಟಿಂಗ್ಸ್ ಒಂದೇ ಮಧ್ಯಾಹ್ನದಲ್ಲಿ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಪೌಂಡು ಕಳೆದುಕೊಂಡ. ಮರುವರ್ಷ ನವೆಂಬರಿನಲ್ಲಿ, 26ನೆಯ ವಯಸ್ಸಿಗೇ, ಆತನ ಬಾಳು ಮುಗಿಯಿತು. ಆ ತರುಣನನ್ನು ಸುತ್ತಲಿನವರು ಸುಲಿದರೆಂದು ಸಿಟ್ಟಾದ ರೌಸ್ 1868ರಲ್ಲಿ ಟೈಮ್ಸ್ ಪತ್ರಿಕೆಗೆ ಉಗ್ರವಾದ ಕಾಗದವೊಂದನ್ನು ಬರೆದ. ಮಾನನಷ್ಟದ ವ್ಯಾಜ್ಯ ಬಂದಾಗ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ಕುದುರೆಗಳ ವಿಷಯದಲ್ಲಿ ಅಷ್ಟು ತೂಗಿ ನುಡಿಯುತ್ತಿದ್ದ ಅಡ್ಮಿರಲ್ಲನ ಮಾತು ಮನುಷ್ಯರ ವಿಷಯದಲ್ಲಿ ಒಮ್ಮೆ ತೂಕ ತಪ್ಪಿತ್ತು.

ಇದಕ್ಕಿಂತ ಆಳವಾದ ಚಿಂತೆಯೊಂದು ಆತನನ್ನು ಕಾಡುತ್ತಿತ್ತು. ಗೆದ್ದ ಕುದುರೆಗೆ ಭಾರ ಹೆಚ್ಚಿಸಬೇಕು, ಸೋತದ್ದಕ್ಕೆ ಕಡಿಮೆ ಮಾಡಬೇಕು. ಇದು ಹ್ಯಾಂಡಿಕ್ಯಾಪಿನ ಧರ್ಮ. ಹಾಗಾದರೆ ಬೇಕೆಂದೇ ಸೋತವನಿಗೆ? ಅವನಿಗೂ ಭಾರ ಇಳಿಯುತ್ತದೆ! ಸಣ್ಣ ಪಂದ್ಯಗಳಲ್ಲಿ ಕುದುರೆಯನ್ನು ತಡೆಹಿಡಿದು ಸೋಲಿಸಿ, ಭಾರ ಇಳಿದ ಮೇಲೆ ದೊಡ್ಡ ಪಂದ್ಯದಲ್ಲಿ ಬಾಜಿ ಕಟ್ಟಿ ಗೆಲ್ಲಿಸುವ ವಿದ್ಯೆ ಹೀಗೆ ಹುಟ್ಟಿತು. ದೊಡ್ಡ ಹ್ಯಾಂಡಿಕ್ಯಾಪುಗಳು ಮೋಸಕ್ಕೆ ಬಹುಮಾನ ಕೊಡುತ್ತವೆ ಎಂದು ಆಡಿದವನು ಬೇರಾರೂ ಅಲ್ಲ, ಹ್ಯಾಂಡಿಕ್ಯಾಪಿನ ಆಚಾರ್ಯನಾದ ರೌಸನೇ. ತಾನು ಕಟ್ಟಿದ ಮನೆಯ ಬಿರುಕನ್ನು ತಾನೇ ಬೆರಳಿಟ್ಟು ತೋರಿಸುವ ಶಿಲ್ಪಿ ಅಪರೂಪ. ಆತ ವರ್ಷಗಟ್ಟಲೆ ಕುರುಚಲ ಗಿಡಗಳ ಬಳಿ ಕಾವಲು ನಿಂತದ್ದು ಆ ಬಿರುಕನ್ನು ಕಾಯುವುದಕ್ಕಾಗಿ.

ಇನ್ನೊಂದು ಸಂಕಟವೂ ಉಂಟು. ಬಲಶಾಲಿಗೆ ಭಾರ ಹೊರಿಸುತ್ತ ಹೋದರೆ ಬಲಕ್ಕೆ ಅದೇ ಶಿಕ್ಷೆಯಾಗುವುದಿಲ್ಲವೆ? 1865ರಲ್ಲಿ ಇಂಗ್ಲೆಂಡಿನ ಮೂರು ಮಹಾಪಂದ್ಯಗಳನ್ನೂ ಗೆದ್ದ ಫ್ರಾನ್ಸಿನ ಗ್ಲಾಡಿಯೇಟರ್ ಎಂಬ ಕುದುರೆ, ಅದೇ ವರ್ಷದ ಕೇಂಬ್ರಿಜ್‌ಶೈರ್ ಹ್ಯಾಂಡಿಕ್ಯಾಪಿನಲ್ಲಿ 138 ಪೌಂಡು ಹೊತ್ತು ಹಿಂದೆ ಬಿದ್ದಿತು. ನಂತರದ ಶತಮಾನದಲ್ಲಿ ಆಸ್ಟ್ರೇಲಿಯದ ಜನರ ಕಣ್ಮಣಿಯಾಗಿದ್ದ ಫಾರ್ ಲ್ಯಾಪ್ 1930ರ ಮೆಲ್ಬರ್ನ್ ಕಪ್ಪನ್ನು 138 ಪೌಂಡು ಹೊತ್ತು ಗೆದ್ದಿತು. ಮರುವರ್ಷ 150 ಪೌಂಡು ಹೊರಿಸಿದಾಗ ಎಂಟನೆಯದಾಯಿತು. ಜನ ಕಣ್ಣೀರಿಟ್ಟರು, ಭಾರ ಹಂಚಿದವನನ್ನು ಶಪಿಸಿದರು. ಆದರೆ ಬಲ್ಲವರು ಹೇಳುವುದು ಬೇರೆ: ಕುದುರೆಯ ಹಿರಿಮೆಯನ್ನು ಲೋಕ ಅಳೆದದ್ದು ಅದು ಗೆದ್ದ ಕಪ್ಪುಗಳಿಂದ ಮಾತ್ರವಲ್ಲ, ಅದರ ಬೆನ್ನಿಗೆ ಹೊರಿಸಲು ಧೈರ್ಯ ಬಂದ ಭಾರದಿಂದ. ಅಡಕೆಯ ಮಂಡಿಯಲ್ಲಿ ಸರಕು, ಬೆಟ್ಟೆ, ಗೊರಬಲು ಎಂದು ಕಣ್ಣಳತೆಯಲ್ಲಿ ಬೇರ್ಪಡಿಸುವವನು ಅಡಕೆಗೆ ಶತ್ರುವಲ್ಲ. ಒಂದೊಂದರ ಬೆಲೆಯನ್ನು ನಿಜಗೊಳಿಸುವವನು. ಹ್ಯಾಂಡಿಕ್ಯಾಪರನೂ ಹಾಗೆಯೇ.

ಕನ್ನಡ ನಾಡಿನಲ್ಲಿ

ಕುದುರೆಯ ಶಾಸ್ತ್ರ ಕನ್ನಡಿಗರಿಗೆ ಹೊಸದಲ್ಲ. ಹದಿನೇಳನೆಯ ಶತಮಾನದ ಪದ್ಮಣ ಪಂಡಿತ ಹಯಸಾರಸಮುಚ್ಚಯವೆಂಬ ಗ್ರಂಥವನ್ನೇ ಬರೆದ. ಕುಣಿಗಲ್ಲಿನ ಕುದುರೆ ಸಾಕಣೆಯ ನೆಲೆ ಟಿಪ್ಪುಸುಲ್ತಾನನ ಅಶ್ವಪಡೆಯ ಕಾಲದಿಂದ ಬಂದದ್ದು. ಪಂದ್ಯದ ಕುದುರೆಗಳು ಮಾತ್ರ ಇಂಗ್ಲಿಷರ ಹಿಂದೆ ಬಂದವು. ನರಸಿಂಹರಾಜಪುರಕ್ಕೆ ತಮ್ಮ ಹೆಸರನ್ನಿತ್ತ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಇನ್ನೂ ಮೂರು ವರ್ಷದ ಮಗುವಾಗಿದ್ದಾಗ, 1891ರಲ್ಲಿ, ಅವರ ತಂದೆ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ರೇಸ್ ಕ್ಲಬ್ ಹುಟ್ಟಿತು. ರೌಸ್ ತೀರಿಕೊಂಡು ಆಗ ಹದಿನಾಲ್ಕು ವರ್ಷವಾಗಿತ್ತು. ಆತ ಕಂಡಿಲ್ಲದ ಈ ಚಾಮುಂಡಿಯ ನಾಡಿಗೂ ಆತನ ವಿದ್ಯೆ ಬಂದು ಸೇರಿತು.

ಮೈಸೂರು ಬೆಂಗಳೂರುಗಳ ಹ್ಯಾಂಡಿಕ್ಯಾಪ್ ಪಂದ್ಯಗಳಲ್ಲಿ ಆ ವಿದ್ಯೆ ನಡೆಯುವ ಬಗೆ ಹೀಗೆ: ಪ್ರತಿಯೊಂದು ಕುದುರೆಯ ಸಾಮರ್ಥ್ಯಕ್ಕೂ ಒಂದು ಅಂಕವುಂಟು. ಗೆದ್ದರೆ ಅಂಕ ಏರುತ್ತದೆ, ಸೋಲುತ್ತ ಬಂದರೆ ಇಳಿಯುತ್ತದೆ. ಅಂಕಕ್ಕೆ ತಕ್ಕಂತೆ ತೂಕ. ಜಾಕಿ ತನ್ನ ಜೀನಿನೊಡನೆ ತಕ್ಕಡಿಯ ಮೇಲೆ ಕುಳಿತು ತೂಗಿಸಿಕೊಳ್ಳುತ್ತಾನೆ. ತೂಕ ಕಡಿಮೆಯಾದರೆ ಜೀನಿನ ಕೆಳಗಿನ ಬಟ್ಟೆಯ ಜೇಬುಗಳಲ್ಲಿ ಸೀಸದ ತಗಡುಗಳನ್ನು ತುಂಬುತ್ತಾರೆ. ಓಟ ಮುಗಿದ ಮೇಲೆ ಮತ್ತೆ ತೂಕ. ಮೊದಲು ಹೊತ್ತದ್ದನ್ನು ಕೊನೆಯವರೆಗೂ ಹೊತ್ತಿದ್ದಾನೆಂದು ತಕ್ಕಡಿ ಸಾಕ್ಷಿ ಹೇಳಿದರೆ ಮಾತ್ರ ಗೆಲುವು ಗೆಲುವು. ಇಲ್ಲವಾದರೆ ಗುರಿಯ ಕಂಬವನ್ನು ಮೊದಲು ದಾಟಿದ್ದೂ ವ್ಯರ್ಥ.

1996ರ ಜನವರಿಯಲ್ಲಿ, ಮದರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಭಾರತದ ಸುಪ್ರೀಂ ಕೋರ್ಟು ಕುದುರೆಯ ಪಂದ್ಯ ಬರಿಯ ಅದೃಷ್ಟದ ಜೂಜಲ್ಲ, ಪ್ರಧಾನವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. ಕಾನೂನಿನ ದೃಷ್ಟಿ ಅದು. ಆದರೆ ಕೌಶಲ ಯಾರದು? ತಳಿ ಬೆಳೆಸುವವನದು, ಪಳಗಿಸುವವನದು, ಜಾಕಿಯದು, ಭಾರ ಹಂಚುವವನದು. ಬೇಲಿಯ ಹೊರಗೆ ನಿಂತು ಚೀಟಿ ಕೊಳ್ಳುವ ಬಡಪಾಯಿಯ ಕೌಶಲ ಎಷ್ಟರದು? ಹ್ಯಾಂಡಿಕ್ಯಾಪರ್ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಯಾವ ಕುದುರೆ ಗೆಲ್ಲುವುದೆಂದು ಹೇಳುವುದು ಕಷ್ಟವಾಗುತ್ತದೆ. ಎಲ್ಲ ಕುದುರೆಗಳನ್ನೂ ಸಮಮಾಡಿದ ಬಯಲಿನಲ್ಲಿ ಮನೆಯ ಹಣವನ್ನು ಒಂದರ ಮೇಲೆ ಕಟ್ಟುವವನು ಕುದುರೆಯ ವಿರುದ್ಧವಲ್ಲ, ಆ ತಕ್ಕಡಿಯ ವಿರುದ್ಧವೇ ಬಾಜಿ ಕಟ್ಟುತ್ತಾನೆ. ಅಡಕೆಯ ಹಣ ಕಳೆದುಕೊಂಡು ಬಂದವನ ಹೆಂಡತಿಗೆ ಈ ಲೆಕ್ಕ ಯಾವ ಗ್ರಂಥವೂ ಇಲ್ಲದೆ ತಿಳಿದಿರುತ್ತದೆ. ದೊಡ್ಡ ಬಾಜಿಯನ್ನು ಹಳಿದ ರೌಸನಿಗೂ ಅದು ತಿಳಿದಿತ್ತು.

ಮಕ್ಕಳಿಲ್ಲದ ರೌಸ್ 1871ರಲ್ಲಿ ಹೆಂಡತಿಯನ್ನು ಕಳೆದುಕೊಂಡ. ಆಮೇಲೂ ತನ್ನ ಕೆಲಸವನ್ನು ಬಿಡಲಿಲ್ಲ. ಆತನ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಪಂದ್ಯಗಳು ನಡೆದವು. ಕುದುರೆಗಳಿಂದ ಬಿದ್ದು ಕೈಕಾಲು ಮುರಿದುಕೊಳ್ಳುವವರ ಊರಾದ ನ್ಯೂಮಾರ್ಕೆಟ್ಟಿನಲ್ಲಿ ಒಂದು ಆಸ್ಪತ್ರೆಯೇ ಎದ್ದಿತು. ಆದರೆ ಆತನ ನಿಜವಾದ ಸ್ಮಾರಕ ಕಲ್ಲಿನದಲ್ಲ. ಭಾರವನ್ನು ಗೊತ್ತುಮಾಡುವವನು ಯಾರಿಗೂ ಬೇಕಾದವನಾಗಿರಬಾರದು, ಯಾರಿಗೂ ಅಂಜಬಾರದು, ಕಣ್ಣಾರೆ ಕಾಣದೆ ತೂಗಬಾರದು ಎಂಬ ಮೂರು ಮಾತುಗಳನ್ನು ಆತ ಬಾಳಿ ತೋರಿಸಿದ. ತೆರಿಗೆಯನ್ನು ಹೇರುವವರಿಗೂ, ಪರೀಕ್ಷೆಯ ಅಂಕಗಳನ್ನು ಹಾಕುವವರಿಗೂ, ಅಣ್ಣತಮ್ಮಂದಿರ ಪಾಲುಪಟ್ಟಿಗೆ ಕೂರುವ ಊರ ಹಿರಿಯರಿಗೂ ಈ ಮೂರು ಮಾತುಗಳು ಸಲ್ಲುತ್ತವೆ. ಇನ್ನೊಬ್ಬರ ಬೆನ್ನಿನ ಮೇಲೆ ಭಾರವಿಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಆ ಬೆನ್ನನ್ನು ಮೊದಲು ಚೆನ್ನಾಗಿ ನೋಡಿರಬೇಕು.